ಅಮೆಜಾನ್ ಕಾಡಿನ ಚಿನ್ನ: ಹಾಲ್‌ಮಾರ್ಕ್ ಹೇಳದ ಸಂಗತಿ

ಬ್ರೆಜಿಲ್ ದೇಶದ ಉತ್ತರ ತುದಿಯಲ್ಲಿ, ವೆನೆಜುವೆಲಾ ಗಡಿಗೆ ಹೊಂದಿಕೊಂಡು ರೊರೈಮಾ ಎಂಬ ರಾಜ್ಯವಿದೆ. 2019ರಲ್ಲಿ ಬಿಬಿಸಿಯ ಬ್ರೆಜಿಲ್ ವಿಭಾಗ ಆ ರಾಜ್ಯದ ರಫ್ತಿನ ಲೆಕ್ಕ ತೆಗೆದು ನೋಡಿತು. ಕಾನೂನು ಪ್ರಕಾರ ನಡೆಯುವ ಚಿನ್ನದ ಗಣಿ ಅಲ್ಲಿ ಒಂದೂ ಇರಲಿಲ್ಲ. ಆದರೂ ಕೆಲವೇ ತಿಂಗಳಲ್ಲಿ 194 ಕಿಲೋ ಚಿನ್ನ ಆ ರಾಜ್ಯದ ಹೆಸರಿನಲ್ಲಿ ಹೊರದೇಶಕ್ಕೆ ಹೋಗಿತ್ತು. ಹೋದದ್ದು ಭಾರತಕ್ಕೆ.

ಅಂಗಡಿ ನಡೆಸುವವರಿಗೆ ಇದರಲ್ಲಿರುವ ತೊಡಕು ಬಿಡಿಸಿ ಹೇಳಬೇಕಾಗಿಲ್ಲ. ಖರೀದಿಯೇ ಇಲ್ಲದ ಮಾಲು ಮಾರಾಟದ ಪುಸ್ತಕದಲ್ಲಿ ಕಾಣಿಸಿಕೊಂಡರೆ ಎಲ್ಲೋ ಒಂದು ಕಡೆ ಸುಳ್ಳು ಇದೆ ಎಂದರ್ಥ. ಆ ಚಿನ್ನದ ಪ್ರತಿ ಗ್ರಾಮೂ ಎಲ್ಲಿಂದ ಬಂತು ಎಂದು ಯಾರೂ ಸಾಬೀತು ಮಾಡಿಲ್ಲ. ಸ್ವಲ್ಪ ನೆರೆಯ ದೇಶಗಳಿಂದ ಬಂದಿರಬಹುದು, ಸ್ವಲ್ಪ ಹಳೆಯ ಆಭರಣವೇ ಇರಬಹುದು. ಆದರೆ ಅದೇ ರಾಜ್ಯದ ಪಶ್ಚಿಮಕ್ಕೆ ಯಾನೊಮಾಮಿ ಬುಡಕಟ್ಟಿನವರ ಕಾಡಿದೆ, ಅಲ್ಲಿ ಆ ವರ್ಷಗಳಲ್ಲಿ ಸಾವಿರಾರು ಜನ ಕಳ್ಳತನದಿಂದ ಚಿನ್ನ ತೆಗೆಯುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ರಾಜ್ಯದ ರಾಜಧಾನಿ ಬೋವಾ ವಿಸ್ತಾದ ನಡುಮಧ್ಯದ ಚೌಕದಲ್ಲಿ ಚಿನ್ನ ತೆಗೆಯುವವನ ಪ್ರತಿಮೆಯೇ ನಿಂತಿದೆ. ಅಲ್ಲಿನ ಜನ ಈ ಕಸುಬಿನವನನ್ನು ‘ಗರಿಂಪೇರೊ’ ಎನ್ನುತ್ತಾರೆ.

ಈ ಚಿನ್ನ ಹೇಗೆ ಬರುತ್ತದೆ, ಬರುವ ದಾರಿಯಲ್ಲಿ ಏನೇನು ಸಾಯುತ್ತದೆ, ಕೊನೆಗೆ ಸಾಧಾರಣ ಅಂಗಡಿಯ ತಕ್ಕಡಿಯವರೆಗೆ ಹೇಗೆ ತಲುಪುತ್ತದೆ ಎಂಬುದನ್ನು ಚಿನ್ನ ಕೊಳ್ಳುವವರೂ ಮಾರುವವರೂ ತಿಳಿದಿರುವುದು ಒಳ್ಳೆಯದು.

ಮಣ್ಣು ತೊಳೆದು ಚಿನ್ನ ತೆಗೆಯುವ ಬಗೆ

ಕನ್ನಡಿಗರಿಗೆ ಚಿನ್ನದ ಗಣಿ ಎಂದರೆ ಕೋಲಾರ ನೆನಪಾಗುತ್ತದೆ, ಇಲ್ಲವೇ ರಾಯಚೂರು ಜಿಲ್ಲೆಯ ಹಟ್ಟಿ. ಅಲ್ಲಿ ಚಿನ್ನ ಇರುವುದು ಬಂಡೆಯೊಳಗೆ. ಕೋಲಾರದಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ಕಲ್ಲು ಒಡೆದು ಮೇಲೆ ತಂದು, ಪುಡಿ ಮಾಡಿ, ಸಯನೈಡ್ ಬಳಸಿ ಚಿನ್ನ ಬೇರ್ಪಡಿಸುತ್ತಿದ್ದರು. 2001ರಲ್ಲಿ ಆ ಗಣಿ ಮುಚ್ಚಿದರೂ ಸಯನೈಡ್ ಮಣ್ಣಿನ ದಿಬ್ಬಗಳು ಇನ್ನೂ ಅಲ್ಲೇ ಇವೆ. ಗಾಳಿ ಬೀಸಿದಾಗ ಅದರ ದೂಳು ಊರಿನ ಮೇಲೆ ಬೀಳುತ್ತದೆ. ಅಂದರೆ ಕಾನೂನುಬದ್ಧ ಗಣಿಯೂ ಕೈ ತೊಳೆದುಕೊಂಡಷ್ಟು ಶುದ್ಧವಲ್ಲ.

ಅಮೆಜಾನಿನ ಚಿನ್ನ ಬೇರೆ ಬಗೆಯದು. ಲಕ್ಷಾಂತರ ವರ್ಷಗಳಿಂದ ಬೆಟ್ಟದ ಬಂಡೆ ಸವೆದು, ಚಿನ್ನದ ಕಣಗಳು ಮಳೆನೀರಿನೊಂದಿಗೆ ಹರಿದು ಬಂದು, ನದಿಯ ತಳದಲ್ಲೂ ದಡದ ಮಣ್ಣಿನಲ್ಲೂ ಸೇರಿಕೊಂಡಿವೆ. ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿ. ಒಂದು ಗ್ರಾಂ ಸಿಗಬೇಕಾದರೆ ಟನ್ನುಗಟ್ಟಲೆ ಮಣ್ಣು ತೊಳೆಯಬೇಕು. ಹಾಗಾಗಿ ಮೊದಲು ಮರ ಕಡಿಯುತ್ತಾರೆ. ಆಮೇಲೆ ಡೀಸೆಲ್ ಪಂಪಿನಿಂದ ನೀರನ್ನು ಒತ್ತಡದಲ್ಲಿ ಚಿಮ್ಮಿಸಿ ನೆಲವನ್ನು ಕೆಸರು ಮಾಡುತ್ತಾರೆ. ಆ ಕೆಸರನ್ನು ಇನ್ನೊಂದು ಪಂಪು ಎಳೆದು, ಇಳಿಜಾರಾದ ಮರದ ತೊಟ್ಟಿಯ ಮೇಲೆ ಸುರಿಯುತ್ತದೆ. ತೊಟ್ಟಿಗೆ ಹಳೆಯ ಕಾರ್ಪೆಟ್ಟು ಹಾಸಿರುತ್ತಾರೆ. ಹಗುರ ಮಣ್ಣು ನೀರಿನೊಂದಿಗೆ ಹರಿದು ನದಿಗೆ ಹೋಗುತ್ತದೆ, ಭಾರವಾದ ಚಿನ್ನದ ಕಣ, ಕಪ್ಪು ಮರಳು ಕಾರ್ಪೆಟ್ಟಿನ ಎಳೆಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನದಿಯೊಳಗೇ ತೆಪ್ಪದ ಮೇಲೆ ಯಂತ್ರ ಕಟ್ಟಿ ತಳದ ಮರಳು ಹೀರುವವರೂ ಇದ್ದಾರೆ.

ನಂತರ ಬರುವುದು ಪಾದರಸ. ಇದರ ಗುಣ ನಮ್ಮ ಅಕ್ಕಸಾಲಿಗರಿಗೆ ಹಳೆಯ ಪರಿಚಯ. ಒಡೆದ ಥರ್ಮಾಮೀಟರಿನ ಪಾದರಸ ಬೆರಳಿನ ಉಂಗುರಕ್ಕೆ ತಾಗಿದರೆ ಉಂಗುರ ಬೆಳ್ಳಗಾಗುವುದನ್ನು ಕಂಡವರು ಇರಬಹುದು. ಪಾದರಸ ಚಿನ್ನವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಮರಳನ್ನು ಹಿಡಿಯುವುದಿಲ್ಲ. ಕಾರ್ಪೆಟ್ಟು ಒಗೆದ ಕಪ್ಪು ಮರಳಿಗೆ ಪಾದರಸ ಸುರಿದು ಕೈಯಿಂದಲೋ ಕಾಲಿನಿಂದಲೋ ಕಲಸಿದರೆ ಚಿನ್ನವೆಲ್ಲ ಅದಕ್ಕೆ ಅಂಟಿ ಬೆಳ್ಳಿ ಬಣ್ಣದ ಉಂಡೆಯಾಗುತ್ತದೆ. ಉಂಡೆಯನ್ನು ಬಟ್ಟೆಯಲ್ಲಿ ಹಿಂಡಿ ಬೆಂಕಿಗೆ ಹಿಡಿಯುತ್ತಾರೆ. ಪಾದರಸ ಸುಮಾರು 357 ಡಿಗ್ರಿಯಲ್ಲಿ ಆವಿಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ.

ಹೋಯಿತು ಎಂದರೆ ಎಲ್ಲಿಗೆ ಹೋಯಿತು? ಒಂದು ಗ್ರಾಂ ಚಿನ್ನ ತೆಗೆಯಲು ಸಾಮಾನ್ಯವಾಗಿ ಒಂದು ಗ್ರಾಮಿಗಿಂತ ಹೆಚ್ಚು ಪಾದರಸ ಕಳೆದುಹೋಗುತ್ತದೆ. ಕೆಲವು ಪಾಲು ಕೆಸರಿನೊಂದಿಗೆ ನದಿಗೆ, ಕೆಲವು ಪಾಲು ಆವಿಯಾಗಿ ಗಾಳಿಗೆ. ವಿಶ್ವಸಂಸ್ಥೆಯ ಪರಿಸರ ವಿಭಾಗ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಮನುಷ್ಯನ ಕೆಲಸಗಳಿಂದ ಗಾಳಿಗೆ ಸೇರುವ ಪಾದರಸದಲ್ಲಿ ಸುಮಾರು ಶೇ. 38ರಷ್ಟು ಇಂಥ ಸಣ್ಣ ಪ್ರಮಾಣದ ಚಿನ್ನ ತೆಗೆತದಿಂದಲೇ ಬರುತ್ತದೆ. ಕಲ್ಲಿದ್ದಲು ಸುಡುವುದರಿಂದ ಬರುವುದು ಅದಕ್ಕಿಂತ ಕಡಿಮೆ. ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಆವಿಯನ್ನು ತಣಿಸಿದರೆ ಬಹುಪಾಲು ಪಾದರಸ ಮರಳಿ ಸಿಗುತ್ತದೆ. ಅದು ಕಷ್ಟದ ವಿದ್ಯೆಯೇನಲ್ಲ. ಕದ್ದು ಮಾಡುವ ಕೆಲಸದಲ್ಲಿ ಅಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ, ಅಷ್ಟೆ.

ನೀರಿನಿಂದ ಮೀನಿಗೆ, ಎಲೆಯಿಂದ ಹಕ್ಕಿಗೆ

ನದಿಯ ತಳ ಸೇರಿದ ಪಾದರಸವನ್ನು ಕೆಸರಿನ ಸೂಕ್ಷ್ಮಜೀವಿಗಳು ಮಿಥೈಲ್ ಮರ್ಕ್ಯುರಿ ಎಂಬ ಇನ್ನೂ ಕೆಟ್ಟ ರೂಪಕ್ಕೆ ತಿರುಗಿಸುತ್ತವೆ. ಇದು ಪಾಚಿಗೆ ಸೇರುತ್ತದೆ, ಪಾಚಿ ತಿಂದ ಹುಳಕ್ಕೆ, ಹುಳ ತಿಂದ ಸಣ್ಣ ಮೀನಿಗೆ, ಸಣ್ಣ ಮೀನು ತಿಂದ ದೊಡ್ಡ ಮೀನಿಗೆ. ಒಮ್ಮೆ ಮೈಗೆ ಸೇರಿದ್ದು ಬೇಗ ಹೊರಗೆ ಹೋಗುವುದಿಲ್ಲವಾದ್ದರಿಂದ ಪ್ರತಿ ಮೆಟ್ಟಿಲಿನಲ್ಲೂ ಅದರ ಪ್ರಮಾಣ ಏರುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಇರುವವರು ಅಮೆಜಾನಿನ ದೈತ್ಯ ನೀರುನಾಯಿ, ಗುಲಾಬಿ ಬಣ್ಣದ ನದಿ ಡಾಲ್ಫಿನ್, ಮೀನು ಹಿಡಿಯುವ ಕೊಕ್ಕರೆ ಮತ್ತು ಮನುಷ್ಯ.

ದೈತ್ಯ ನೀರುನಾಯಿ ನಮ್ಮ ತುಂಗಭದ್ರೆ, ಕಾವೇರಿಯ ನೀರುನಾಯಿಯ ದೂರದ ಸಂಬಂಧಿ. ಆದರೆ ಉದ್ದ 1.7 ಮೀಟರ್ ಮುಟ್ಟುತ್ತದೆ, ದಿನಕ್ಕೆ ಸುಮಾರು 3 ಕಿಲೋ ಮೀನು ತಿನ್ನುತ್ತದೆ, ಕುಟುಂಬ ಕಟ್ಟಿಕೊಂಡು ಬದುಕುತ್ತದೆ. ಹಿಂದೆ ಚರ್ಮಕ್ಕಾಗಿ ಅವುಗಳನ್ನು ಕೊಂದು ಬಹುತೇಕ ಮುಗಿಸಿದ್ದರು. ಬೇಟೆ ನಿಂತ ಮೇಲೆ ಚೇತರಿಸಿಕೊಳ್ಳುತ್ತಿದ್ದ ಪ್ರಾಣಿಗೆ ಈಗ ಕೆಸರು ನೀರು ಶತ್ರು. ಅದು ಕಣ್ಣಿನಿಂದ ನೋಡಿ ಮೀನು ಹಿಡಿಯುವ ಪ್ರಾಣಿ. ಚಹಾದ ಬಣ್ಣಕ್ಕೆ ತಿರುಗಿದ ನೀರಿನಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ. ಹಿಡಿದ ಮೀನಿನಲ್ಲಿ ಪಾದರಸ. ನೀರುನಾಯಿಯೂ ನದಿ ಡಾಲ್ಫಿನ್ನೂ ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಅಳಿವಿನ ಅಂಚಿನ ಪ್ರಾಣಿಗಳಾಗಿವೆ.

ಗಾಳಿಗೆ ಹೋದ ಪಾದರಸದ ಕಥೆ ಇತ್ತೀಚೆಗೆ ಗೊತ್ತಾಗಿದ್ದು. ಪೆರು ದೇಶದ ಮಾದ್ರೆ ದೆ ದಿಯೋಸ್ ಪ್ರಾಂತ್ಯ ಇನ್ನೊಂದು ದೊಡ್ಡ ಚಿನ್ನದ ನೆಲ. ಅಲ್ಲಿ ಕೆಲವು ದಶಕಗಳಲ್ಲಿ ಹತ್ತಿರ ಹತ್ತಿರ 1 ಲಕ್ಷ ಹೆಕ್ಟೇರ್ ಕಾಡು ಗುಂಡಿಗಳಾಗಿ ಹೋಗಿದೆ. ಗಣಿಗಳ ಸಮೀಪದಲ್ಲೇ ಲೋಸ್ ಅಮಿಗೋಸ್ ಎಂಬ ಸಂರಕ್ಷಿತ ಕಾಡಿದೆ. ಒಂದು ಮರವನ್ನೂ ಕಡಿಯದ ಜಾಗ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಜ್ಞಾನಿಗಳು ಅಲ್ಲಿ ಎಲೆಗಳ ಮೇಲಿಂದ ತೊಟ್ಟಿಕ್ಕುವ ಮಳೆನೀರು ಹಿಡಿದು ಪರೀಕ್ಷೆ ಮಾಡಿದರು. ಕಾಡು ಕಡಿದ ಬಯಲಿಗಿಂತ ಈ ದಟ್ಟ ಕಾಡಿನೊಳಗೇ ಪಾದರಸ ಬಹಳ ಹೆಚ್ಚು ಬೀಳುತ್ತಿತ್ತು. ಕಾರಣ, ಎಲೆಗಳು ಗಾಳಿಯಲ್ಲಿ ತೇಲುವ ಪಾದರಸವನ್ನು ಸೋಸಿ ಹಿಡಿಯುತ್ತವೆ. ಮಳೆ ಬಂದಾಗ ಅದು ನೆಲಕ್ಕೆ ಇಳಿಯುತ್ತದೆ, ಎಲೆ ಉದುರಿದಾಗ ಮಣ್ಣಿಗೆ ಸೇರುತ್ತದೆ. ಆ ಕಾಡಿನ ಹಾಡುಹಕ್ಕಿಗಳ ಗರಿಗಳಲ್ಲಿ, ಗಣಿಯಿಂದ ದೂರದ ಹಕ್ಕಿಗಳಿಗಿಂತ ಹಲವು ಪಟ್ಟು ಪಾದರಸ ಸಿಕ್ಕಿತು. ಉಳಿಸಿಕೊಂಡ ಕಾಡೇ ವಿಷವನ್ನು ಹೆಚ್ಚು ಹೊರುತ್ತಿದೆ.

ಗುಂಡಿಗಳ ಮಾತೂ ಇದೆ. ಬೇಸಾಯಕ್ಕೆ ಕಡಿದ ಕಾಡು ಕೈಬಿಟ್ಟರೆ ಕೆಲವು ವರ್ಷಗಳಲ್ಲಿ ಮತ್ತೆ ಹಸಿರಾಗುತ್ತದೆ. ಗಣಿಯಲ್ಲಿ ಮೇಲ್ಮಣ್ಣೇ ತೊಳೆದುಹೋಗಿರುವುದರಿಂದ ಉಳಿಯುವುದು ಮರಳು ಮತ್ತು ನಿಂತ ನೀರು. ನಿಂತ ನೀರಿನಲ್ಲಿ ಸೊಳ್ಳೆ, ಸೊಳ್ಳೆಯಿಂದ ಮಲೇರಿಯಾ.

ಯಾನೊಮಾಮಿ ಜನ

ಈಗ ಮತ್ತೆ ರೊರೈಮಾಕ್ಕೆ. ಯಾನೊಮಾಮಿ ಪ್ರದೇಶ ಸುಮಾರು 96,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧದಷ್ಟು. ಅಲ್ಲಿ ಸುಮಾರು 27 ಸಾವಿರ ಜನ ಹರಡಿಕೊಂಡಿದ್ದಾರೆ. ಮರಗೆಣಸು, ಬಾಳೆ ಬೆಳೆದುಕೊಂಡು, ಬೇಟೆ, ಮೀನು ನಂಬಿ ಬದುಕುವವರು. ಹಲವು ಕುಟುಂಬಗಳು ಒಂದೇ ದೊಡ್ಡ ದುಂಡನೆಯ ಮನೆಯಲ್ಲಿ ಇರುತ್ತವೆ.

ಚಿನ್ನದ ಹುಚ್ಚು ಇಲ್ಲಿಗೆ ಮೊದಲು ನುಗ್ಗಿದ್ದು 1980ರ ದಶಕದ ಕೊನೆಯಲ್ಲಿ. ಆಗ ಸುಮಾರು 40,000 ಗರಿಂಪೇರೊಗಳು ಒಳಗೆ ಬಂದರು ಎಂದು ಅಂದಾಜು. ಹೊರಗಿನವರ ಜ್ವರ, ಮಲೇರಿಯಾ, ಗುಂಡಿನೇಟು, ಇವುಗಳಿಂದ ಕೆಲವೇ ವರ್ಷಗಳಲ್ಲಿ ಐದರಲ್ಲಿ ಒಂದು ಭಾಗದಷ್ಟು ಯಾನೊಮಾಮಿಗಳು ಸತ್ತರು. ದಾವಿ ಕೊಪೆನಾವಾ ಎಂಬ ಅವರ ಮುಖಂಡರು ದೇಶದೇಶಗಳಿಗೆ ಹೋಗಿ ಹೇಳಿಕೊಂಡ ಮೇಲೆ, 1992ರಲ್ಲಿ ಬ್ರೆಜಿಲ್ ಸರ್ಕಾರ ಆ ನೆಲವನ್ನು ಅವರದ್ದೆಂದು ಗುರುತಿಸಿತು. ಮರುವರ್ಷವೇ ಹಶಿಮು ಎಂಬಲ್ಲಿ ಗಣಿಗಾರರು 16 ಯಾನೊಮಾಮಿಗಳನ್ನು ಕೊಂದರು. ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದರು. ಬ್ರೆಜಿಲ್ ನ್ಯಾಯಾಲಯ ಇದನ್ನು ಜನಾಂಗಹತ್ಯೆ ಎಂದೇ ಕರೆದು ಶಿಕ್ಷೆ ಕೊಟ್ಟಿತು.

ಕೊಪೆನಾವಾ ಅವರ ಮಾತಿನಲ್ಲಿ ಒಂದು ಸಂಗತಿ ಗಮನಿಸಬೇಕಾದದ್ದು. ಸೃಷ್ಟಿಕರ್ತನಾದ ಓಮಾಮ ಲೋಹಗಳನ್ನು ನೆಲದಡಿ ಬಚ್ಚಿಟ್ಟದ್ದು ಅವು ರೋಗ ತರದಿರಲಿ ಎಂದು. ಅಗೆದು ಸುಟ್ಟರೆ ಹೊಗೆಯ ರೂಪದಲ್ಲಿ ರೋಗ ಹೊರಡುತ್ತದೆ ಎಂದು ಅವರ ಹಿರಿಯರ ನಂಬಿಕೆ. ಪಾದರಸದ ಆವಿಯ ರಸಾಯನಶಾಸ್ತ್ರ ಓದದವರು ಹೇಳಿದ್ದು ಇದು. ಕೊಪೆನಾವಾ ಮತ್ತು ಅವರ ಸಂಘಟನೆ ಹುತುಕಾರಾಕ್ಕೆ 2019ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ಪ್ರಶಸ್ತಿ ಬಂದ ಅದೇ ಹೊತ್ತಿನಲ್ಲಿ ಎರಡನೆಯ ನುಗ್ಗಾಟ ನಡೆಯುತ್ತಿತ್ತು. ಚಿನ್ನದ ಬೆಲೆ ಏರಿತ್ತು, ಕಾವಲು ಸಡಿಲವಾಗಿತ್ತು. ಸುಮಾರು 20,000 ಗಣಿಗಾರರು ಮತ್ತೆ ಒಳಗಿದ್ದರು. ಈ ಸಲ ಸಣ್ಣ ವಿಮಾನ, ಹೆಲಿಕಾಪ್ಟರ್ ಎಲ್ಲವೂ ಇದ್ದವು. ಹೋಮೊಶಿ ಎಂಬಲ್ಲಿ ಆರೋಗ್ಯ ಕೇಂದ್ರಕ್ಕೆ ಔಷಧಿ ತರುವ ವಿಮಾನಪಟ್ಟಿಯನ್ನೇ ಅವರು ವಶಪಡಿಸಿಕೊಂಡರು. ಮಲೇರಿಯಾ ಬಂದು ಗಂಡಸರು ಮಲಗಿದರೆ ತೋಟ ಮಾಡುವವರಿಲ್ಲ. ಯಂತ್ರದ ಸದ್ದಿಗೆ ಕಾಡುಪ್ರಾಣಿಗಳು ದೂರ ಹೋದವು. ನದಿಯ ಮೀನು ಕೆಸರಿನಲ್ಲಿ ಕಡಿಮೆಯಾಯಿತು. ಹಸಿವು ಹೀಗೆ ಸುತ್ತು ಬಳಸಿ ಬಂತು. 2023ರ ಜನವರಿಯಲ್ಲಿ ಎಲುಬು ಕಾಣುವ ಮಕ್ಕಳ ಚಿತ್ರಗಳು ಪ್ರಪಂಚಕ್ಕೆ ತಲುಪಿದವು. ಹಿಂದಿನ ನಾಲ್ಕು ವರ್ಷಗಳಲ್ಲಿ ತಡೆಯಬಹುದಾಗಿದ್ದ ಕಾರಣಗಳಿಂದ 570 ಪುಟ್ಟ ಮಕ್ಕಳು ಸತ್ತಿದ್ದರೆಂದು ವರದಿಯಾಯಿತು. ಅಧ್ಯಕ್ಷ ಲೂಲಾ ಬೋವಾ ವಿಸ್ತಾಕ್ಕೆ ಬಂದರು, ಸರ್ಕಾರ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು.

ಬ್ರೆಜಿಲಿನ ಫಿಯೋಕ್ರೂಸ್ ಆರೋಗ್ಯ ಸಂಸ್ಥೆ ಮುಕಾಜಾಯಿ ನದಿಯ ಮೇಲ್ಭಾಗದ ಒಂಬತ್ತು ಹಳ್ಳಿಗಳಲ್ಲಿ ಸುಮಾರು 290 ಜನರ ಕೂದಲು ಪರೀಕ್ಷೆ ಮಾಡಿ 2024ರಲ್ಲಿ ಫಲಿತಾಂಶ ಕೊಟ್ಟಿತು. ಪಾದರಸ ಇಲ್ಲದವರು ಒಬ್ಬರೂ ಇರಲಿಲ್ಲ. ಶೇ. 84ರಷ್ಟು ಜನರಲ್ಲಿ ಗ್ರಾಂ ಕೂದಲಿಗೆ 2 ಮೈಕ್ರೋಗ್ರಾಂಗಿಂತ ಹೆಚ್ಚಿತ್ತು. ಮಿಥೈಲ್ ಮರ್ಕ್ಯುರಿ ನರಗಳನ್ನು ಹಾಳುಮಾಡುವ ವಿಷ. ತಾಯಿಯಿಂದ ಗರ್ಭದ ಮಗುವಿಗೆ ದಾಟುತ್ತದೆ. ಜಪಾನಿನ ಮಿನಮಾಟದಲ್ಲಿ ಮೀನು ತಿಂದ ಬೆಸ್ತರ ಕುಟುಂಬಗಳಿಗೆ ಆದದ್ದು ಇದೇ. ಆ ಊರಿನ ಹೆಸರಿನಲ್ಲೇ ಪಾದರಸ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂತು. ಬ್ರೆಜಿಲ್, ಪೆರು, ಭಾರತ ಮೂರೂ ಅದಕ್ಕೆ ಸೇರಿವೆ.

ಕಾಗದದಲ್ಲಿ ಶುದ್ಧವಾಗುವ ಚಿನ್ನ

ಕಾಡಿನಲ್ಲಿ ಕೆಸರು ತುಳಿಯುವವನು ಸಾಮಾನ್ಯವಾಗಿ ಬಡವ. ಬೇರೆ ಕೂಲಿ ಸಿಗದೆ ಬಂದವನು, ಮಲೇರಿಯಾ ಅವನಿಗೂ ಬರುತ್ತದೆ, ಪಾದರಸದ ಹೊಗೆ ಮೊದಲು ಕುಡಿಯುವವನೂ ಅವನೇ. ಲಾಭ ಆಗುವುದು ಪಂಪು, ವಿಮಾನ, ಡೀಸೆಲ್‌ಗೆ ಬಂಡವಾಳ ಹಾಕಿದವನಿಗೆ ಮತ್ತು ಪಟ್ಟಣದಲ್ಲಿ ಕೂತು ಚಿನ್ನ ಕೊಳ್ಳುವವನಿಗೆ. ಬೈಗುಳವೆಲ್ಲ ಕೂಲಿಯವನಿಗೇ ಬೀಳುವುದು ನ್ಯಾಯವಲ್ಲ.

ಬ್ರೆಜಿಲಿನ ಸಂವಿಧಾನದ ಪ್ರಕಾರ ಬುಡಕಟ್ಟಿನ ನೆಲದಲ್ಲಿ ಸಂಸತ್ತಿನ ಒಪ್ಪಿಗೆಯಿಲ್ಲದೆ, ಅಲ್ಲಿನ ಜನರ ಮಾತು ಕೇಳದೆ ಗಣಿ ಮಾಡುವಂತಿಲ್ಲ. ಹಾಗಿದ್ದೂ ಕದ್ದ ಚಿನ್ನ ಮಾರಾಟವಾದದ್ದು ಹೇಗೆ? 2013ರ ಒಂದು ಕಾನೂನು ದಾರಿ ಮಾಡಿಕೊಟ್ಟಿತ್ತು. ಮಾರುವವನು ‘ಇದು ಇಂಥ ಪರವಾನಗಿ ಇರುವ ಜಾಗದ ಚಿನ್ನ’ ಎಂದು ಕಾಗದದಲ್ಲಿ ಬರೆದುಕೊಟ್ಟರೆ ಸಾಕು. ಕೊಂಡವನು ಸದ್ಭಾವನೆಯಿಂದ ಕೊಂಡ ಎಂದು ಕಾನೂನೇ ನಂಬುತ್ತಿತ್ತು. ಪರವಾನಗಿ ಇದ್ದ ಕೆಲವು ಜಾಗಗಳನ್ನು ಉಪಗ್ರಹ ಚಿತ್ರದಲ್ಲಿ ನೋಡಿದರೆ ಒಂದು ಗುದ್ದಲಿ ಪೆಟ್ಟೂ ಬಿದ್ದಿರಲಿಲ್ಲ, ದಟ್ಟ ಕಾಡು ಹಾಗೇ ಇತ್ತು. ಆದರೆ ಕಾಗದದಲ್ಲಿ ಅಲ್ಲಿಂದ ಚಿನ್ನ ಬರುತ್ತಲೇ ಇತ್ತು. 2023ರ ಏಪ್ರಿಲ್‌ನಲ್ಲಿ ಬ್ರೆಜಿಲಿನ ಸರ್ವೋಚ್ಚ ನ್ಯಾಯಾಲಯ ಈ ಸದ್ಭಾವನೆಯ ನಿಯಮವನ್ನು ತಡೆಹಿಡಿಯಿತು. ಅದೇ ವರ್ಷ ಚಿನ್ನದ ವಹಿವಾಟಿಗೆ ಎಲೆಕ್ಟ್ರಾನಿಕ್ ಬಿಲ್ಲು ಕಡ್ಡಾಯವಾಯಿತು.

ಶ್ರಾವಕರ ಆಚಾರ ಓದಿದವರಿಗೆ ಇಲ್ಲಿ ಒಂದು ಹಳೆಯ ಶಬ್ದ ನೆನಪಾಗದಿರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅದರಲ್ಲಿ ಒಂದು ‘ತದಾಹೃತಾದಾನ’, ಕಳ್ಳ ತಂದ ಮಾಲನ್ನು ತೆಗೆದುಕೊಳ್ಳುವುದು. ತಾನು ಕದಿಯದಿದ್ದರೂ ಕದ್ದದ್ದನ್ನು ಕೊಂಡರೆ ವ್ರತಕ್ಕೆ ದೋಷ. ತೂಕ, ಅಳತೆಯಲ್ಲಿ ಮೋಸ ಮಾಡುವುದು ಅದೇ ಪಟ್ಟಿಯ ಇನ್ನೊಂದು ಅತಿಚಾರ. ನಮ್ಮ ಕಾಲದ ಕಾನೂನು ಈ ಎರಡನೆಯದನ್ನು ಚೆನ್ನಾಗಿ ಹಿಡಿದಿದೆ, ಮೊದಲಿನದನ್ನು ಅಷ್ಟಾಗಿ ಹಿಡಿದಿಲ್ಲ.

ಹಾಲ್‌ಮಾರ್ಕನ್ನೇ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇಲ್ಲದೆ ಹಾಲ್‌ಮಾರ್ಕ್ ಆಭರಣ ಮಾರುವಂತಿಲ್ಲ. 916 ಎಂದಿದ್ದರೆ 22 ಕ್ಯಾರೆಟ್. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಸಂಖ್ಯೆ ಹಾಕಿದರೆ ಯಾವ ಅಂಗಡಿ ಗುರುತು ಹಾಕಿಸಿತು, ಎಲ್ಲಿ ಪರೀಕ್ಷೆಯಾಯಿತು ಎಂದು ತಿಳಿಯುತ್ತದೆ. ಗ್ರಾಹಕರಿಗೆ ಇದು ದೊಡ್ಡ ರಕ್ಷಣೆ. ಆದರೆ ಅದು ಹೇಳುವುದು ಶುದ್ಧತೆಯನ್ನು ಮಾತ್ರ. ಚಿನ್ನ ಯಾವ ನೆಲದ್ದು ಎಂದು ಅದು ಹೇಳುವುದಿಲ್ಲ.

ಹೇಳುವುದು ಸುಲಭವೂ ಅಲ್ಲ. ಭಾರತ ವರ್ಷಕ್ಕೆ ಸುಮಾರು 700ರಿಂದ 800 ಟನ್ ಚಿನ್ನ ಬಳಸುತ್ತದೆ, ಬಹುಪಾಲು ಹೊರಗಿನದು. ಅದರಲ್ಲಿ ಒಂದು ಭಾಗ ‘ಡೋರೆ’ ಎಂಬ ಅರೆಶುದ್ಧ ಗಟ್ಟಿಯಾಗಿ ಪೆರು, ಬೊಲಿವಿಯಾ, ಆಫ್ರಿಕಾದ ದೇಶಗಳಿಂದ ಬಂದು ಇಲ್ಲಿ ಶುದ್ಧವಾಗುತ್ತದೆ. ಹತ್ತು ಕಡೆಯ ಚಿನ್ನ ಒಂದು ಮೂಸೆಯಲ್ಲಿ ಕರಗಿದ ಮೇಲೆ ಬೇರೆ ಬೇರೆ ಗುರುತು ಎಲ್ಲಿಯದು? ಬ್ರೆಜಿಲಿನ ಫೆಡರಲ್ ಪೊಲೀಸರು ಒಂದೊಂದು ಪ್ರದೇಶದ ಚಿನ್ನದ ಮಾದರಿ ಸಂಗ್ರಹಿಸಿ, ಅದರಲ್ಲಿರುವ ಇತರ ಧಾತುಗಳ ಬೆರಕೆ ನೋಡಿ ಮೂಲ ಹಿಡಿಯುವ ಕೆಲಸ ನಡೆಸಿದ್ದಾರೆ. ಅಪರಾಧ ತನಿಖೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದು ಕರಗಿಸಿ ಬೆರೆಸುವುದಕ್ಕಿಂತ ಮುಂಚೆ ಆಗಬೇಕಾದ ಪರೀಕ್ಷೆ. ಲಂಡನ್ ಬುಲಿಯನ್ ಮಾರುಕಟ್ಟೆಯ ಸಂಘ ತನ್ನ ಪಟ್ಟಿಯ ಶುದ್ಧೀಕರಣ ಕಾರ್ಖಾನೆಗಳಿಗೆ ಚಿನ್ನದ ಮೂಲ ಪರಿಶೀಲಿಸುವ ನಿಯಮ ಹಾಕಿದೆ. ಅಲ್ಲಿಯೂ ಸಂದಿ ಇದೆ: ಹೊಸ ಚಿನ್ನವನ್ನು ಒರಟು ಬಳೆ, ಸರವಾಗಿ ಎರೆದು ‘ಹಳೆಯ ಆಭರಣ’ ಎಂದು ಬರೆಸುವವರಿದ್ದಾರೆ.

ಕಾರ್ಯಾಚರಣೆಯಿಂದ ಆದದ್ದು, ಆಗದ್ದು

2023ರ ಫೆಬ್ರವರಿಯಿಂದ ಬ್ರೆಜಿಲಿನ ಪರಿಸರ ಇಲಾಖೆ ಮತ್ತು ಪೊಲೀಸರು ಯಾನೊಮಾಮಿ ಕಾಡಿಗೆ ನುಗ್ಗಿ ವಿಮಾನ, ತೆಪ್ಪ, ಪಂಪುಗಳನ್ನು ಸುಟ್ಟರು. ಗಣಿಗಾರರಲ್ಲಿ ಬಹಳ ಮಂದಿ ಹೊರಬಿದ್ದರು, ಹೊಸ ಗುಂಡಿಗಳು ತೀರಾ ಕಡಿಮೆಯಾದವು. ಪೆರುವಿನಲ್ಲಿ 2019ರ ಫೆಬ್ರವರಿಯಲ್ಲಿ ‘ಪಾದರಸ ಕಾರ್ಯಾಚರಣೆ’ ಎಂಬ ಹೆಸರಿನಲ್ಲೇ ಸುಮಾರು 1,500 ಪೊಲೀಸರು, ಸೈನಿಕರು ಲಾ ಪಂಪಾ ಎಂಬ ದೊಡ್ಡ ಗಣಿ ನೆಲೆಯನ್ನು ಖಾಲಿ ಮಾಡಿಸಿದ್ದರು. ಅಲ್ಲಿ ಕಾಡು ಕಡಿತ ನಿಂತಿತು. ಆದರೆ ಗಣಿಗಾರರು ಪಕ್ಕದ ಪ್ರದೇಶಗಳಿಗೆ ಹೋದರು. ಬ್ರೆಜಿಲಿನಲ್ಲೂ ಹಾಗೆಯೇ, ಯಾನೊಮಾಮಿ ಕಾಡಿನಲ್ಲಿ ಒತ್ತಡ ಕಡಿಮೆಯಾದ ಹೊತ್ತಿನಲ್ಲಿ ಮಾತೊ ಗ್ರೊಸೊ ರಾಜ್ಯದ ಸರಾರೆ ಎಂಬ ಬುಡಕಟ್ಟು ನೆಲದಲ್ಲಿ ಹೊಸ ಗುಂಡಿಗಳು ಹೆಚ್ಚಿದವು. 2025ರಲ್ಲಿ ಚಿನ್ನದ ಬೆಲೆ ಔನ್ಸಿಗೆ 4,000 ಡಾಲರ್ ದಾಟಿದ ಮೇಲೆ ಕಾವಲುಗಾರರ ಕೆಲಸ ಇನ್ನೂ ಕಷ್ಟವಾಗಿದೆ. ಇದರ ಜೊತೆಗೆ, ಗಣಿ ನಿಂತ ನದಿಯಲ್ಲೂ ಪಾದರಸ ದಶಕಗಳ ಕಾಲ ಉಳಿಯುತ್ತದೆ. ಯಾವ ಮೀನು ಎಷ್ಟು ತಿನ್ನಬಹುದು ಎಂದು ಹಳ್ಳಿಯವರಿಗೆ ಹೇಳಿಕೊಡುವುದೇ ಸದ್ಯಕ್ಕೆ ಆರೋಗ್ಯ ಕಾರ್ಯಕರ್ತರ ಕೈಲಾದ ಕೆಲಸ. ಮೀನು ಬಿಟ್ಟರೆ ಅವರಿಗೆ ಬೇರೆ ಊಟ ಕಡಿಮೆ.

ಚಿನ್ನದ ವ್ಯಾಪಾರದಲ್ಲಿರುವವರು ಗಟ್ಟಿ ಕೊಳ್ಳುವಾಗ ಶುದ್ಧೀಕರಿಸಿದ ಕಾರ್ಖಾನೆಯ ಹೆಸರು, ಅದು ಮೂಲ ಪರಿಶೀಲನೆಗೆ ಒಳಪಟ್ಟಿದೆಯೇ ಎಂಬುದನ್ನು ಕೇಳಿ ಬರೆಸಿಕೊಳ್ಳಬಹುದು. ಮಾರುಕಟ್ಟೆ ದರಕ್ಕಿಂತ ಅಗ್ಗವಾಗಿ, ಕಾಗದವಿಲ್ಲದೆ ಬರುವ ಗಟ್ಟಿಯನ್ನು ಬೇಡವೆನ್ನಲು ಯಾವ ಕಾನೂನಿನ ಅಗತ್ಯವೂ ಇಲ್ಲ. ಮದುವೆ, ಹಬ್ಬಕ್ಕೆ ಆಭರಣ ಮಾಡಿಸುವ ಮನೆಯವರು ಪೆಟ್ಟಿಗೆಯಲ್ಲಿ ಹಾಗೇ ಕೂತಿರುವ ಹಳೆಯ ಚಿನ್ನವನ್ನು ಕರಗಿಸಿ ಮಾಡಿಸಿದರೆ, ಅಷ್ಟು ತೂಕಕ್ಕೆ ಹೊಸದಾಗಿ ನೆಲ ಅಗೆಯಬೇಕಾಗುವುದಿಲ್ಲ. ಹಾಗೆ ಮಾಡಿಸುವಾಗ ಕರಗಿಸುವ ಮುಂಚಿನ ತೂಕ, ಕರಗಿದ ಮೇಲಿನ ತೂಕ ಎರಡನ್ನೂ ಎದುರಿಗೇ ನೋಡಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.